ಕ್ರೌಸನ ಕೈಸನ್ನೆ

ಒಹಾಯೋದ ಮೆಕ್ಕೆಜೋಳದ ಹೊಲಗಳ ನಡುವೆ ಗೆರೆ ಎಳೆದ ಹಾಗೆ ಬಿದ್ದಿರುವ ಆ ಕಾಲು ಮೈಲಿ ರೇಸ್ ದಾರಿಯ ಮೇಲೆ ಶನಿವಾರ ಮಧ್ಯಾಹ್ನ ಮಳೆ ಹಿಡಿಯಿತು. ಮಳೆ ಬಂದರೆ ಅಲ್ಲಿ ರೇಸ್ ನಿಂತ ಹಾಗೆಯೇ. ಜನ ಕಾರುಗಳಿಗೆ ತಾಡಪಾಲು ಹೊದಿಸಿ, ಕಾಫಿಯ ವಾಸನೆ ಎಲ್ಲಿಂದ ಬರುತ್ತದೋ ಆ ಟೆಂಟಿನಡಿ ಸೇರಿಕೊಂಡರು. ಅವತ್ತು ಕಾಫಿ ಇದ್ದದ್ದು ಕೊರಿನ್‌ಳ ಟೆಂಟಿನಲ್ಲಿ.

ಕೊರಿನ್ ಬಂದವರಿಗೆಲ್ಲ ಲೋಟ ಕೊಡುತ್ತಿದ್ದಳು, ಬಾಣಲೆಯಲ್ಲಿ ಬೊಲೋನಿ ಮಾಂಸ ಹುರಿದು ಬ್ರೆಡ್ಡಿನ ನಡುವೆ ಇಡುತ್ತಿದ್ದಳು. ಕಣ್ಣು ಮಾತ್ರ ಮಗಳ ಮೇಲೆ. ಟೆಸ್ ಇವತ್ತು ಮೊದಲ ಸಲ ದೊಡ್ಡ ಕಾರಿನಲ್ಲಿ ರೇಸಿಗೆ ಇಳಿಯುವವಳು. ಎಂಜಿನ್ ಕಟ್ಟಿದವನು ಅವಳ ಅಪ್ಪ ಡ್ವೇನ್. ಕೊರಿನ್‌ಳ ಕೆಲಸ ಕಾರಿನ ಮುಂದೆ ನಿಲ್ಲುವುದು. ಓಟಕ್ಕೆ ಮೊದಲು ಹಿಂದಿನ ಟೈರುಗಳನ್ನು ಗಿರಗಿರನೆ ತಿರುಗಿಸಿ ಕಾಯಿಸುತ್ತಾರೆ. ಆ ಹೊಗೆಯಲ್ಲಿ ಕಾರು ಹೊರಡುವ ಗೆರೆ ದಾಟಿ ಮುಂದೆ ಹೋಗಿರುತ್ತದೆ, ತಾನೇ ಬಿಟ್ಟ ರಬ್ಬರಿನ ಜಾಡಿನ ಮೇಲೆಯೇ ಹಿಂದಕ್ಕೆ ಬರಬೇಕು. ಒಳಗೆ ಕೂತವರಿಗೆ ಹಿಂದೇನೂ ಕಾಣದು. ಮುಂದೆ ನಿಂತವರ ಎರಡು ಕೈಗಳೇ ಅವರಿಗೆ ಕಣ್ಣು.

"ಅಜ್ಜೀ, ಮಳೆ ಬಿಡೋ ತನಕ ಒಂದು ಕತೆ ಹೇಳಿ," ಎಂದ ಪಕ್ಕದ ಟೆಂಟಿನ ಲಾಯ್ಡ್. "ಆ ಮುದುಕ ಕ್ರೌಸನದ್ದು."

"ಹಾಡು ಹಗಲೇ ದೆವ್ವದ ಕತೆ ಯಾಕೋ ಮಾರಾಯ," ಎಂದು ಡ್ವೇನ್ ನಕ್ಕ.

ಮಡಚುವ ಕುರ್ಚಿಯಲ್ಲಿ ಕೂತಿದ್ದ ವರ್ನಾ ಅಜ್ಜಿ ಬ್ರೆಡ್ಡಿನ ಅಂಚು ಕಿತ್ತು ಬದಿಗಿಟ್ಟಳು. "ಅವನು ಬಂದದ್ದೇ ಹಾಡು ಹಗಲಲ್ಲಿ ಕಣಪ್ಪ. ರಾತ್ರಿ ಬಂದಿದ್ರೆ ನನಗೆ ಇಷ್ಟು ಹೆದರಿಕೆ ಆಗ್ತಿರಲಿಲ್ಲ."

ಅಜ್ಜಿ ಶುರುಮಾಡಿದಳು.

"ಕ್ರೌಸನ ಹೆಸರು ಕೇಳಿರ್ತೀರಿ, ಆಳನ್ನ ನೋಡಿದೋರು ನಿಮ್ಮಲ್ಲಿ ಯಾರಿದ್ದೀರಿ? ಎಡಗೈಯಲ್ಲಿ ಮೂರೇ ಬೆರಳು, ಉಳಿದೆರಡನ್ನ ಯಾವುದೋ ಬೆಲ್ಟು ತಿಂದಿತ್ತು, ಆ ಮೂರು ಬೆರಳಲ್ಲೇ ಎಂಜಿನ್ನಿನ ಒಳಗೆ ತಡಕಿದ ಅಂದ್ರೆ ಕೂದಲೆಳೆಯಷ್ಟು ಸವೆದದ್ದೂ ಅವನಿಗೆ ಗೊತ್ತಾಗೋದು... ನನ್ನ ಮಗ ವೇಡ್ ಅವನ ಹತ್ರ ಕೆಲಸ ಕಲಿಯೋಕೆ ಹೋದಾಗ ವರ್ಷಗಟ್ಟಲೆ ಸ್ಪ್ಯಾನರ್ ಮುಟ್ಟೋಕೆ ಬಿಡಲಿಲ್ಲ, ಬರೀ ಸೀಮೆಎಣ್ಣೆಯಲ್ಲಿ ಸಾಮಾನು ತೊಳಿ ಅಂದ. ‘ಅಮ್ಮಾ, ಮಗ ಪಾತ್ರೆ ತೊಳೆಯೋಕೆ ಹೋಗ್ತಾನೆ ಅಂತ ಊರಿಗೆಲ್ಲ ಹೇಳ್ಬಿಡು’ ಅಂತ ವೇಡ್ ಗೊಣಗೋನು. ನಾನು ಹೋಗಿ ಕೇಳಿದ್ರೆ ಕ್ರೌಸ್, ‘ತೊಳೀತಾ ತೊಳೀತಾ ನೋಡೋದು ಕಲೀತಾನೆ ಕಣಮ್ಮ, ಸ್ಪ್ಯಾನರ್ ಕೋತೀನೂ ತಿರುಗಿಸತ್ತೆ’ ಅಂದ. ಚೆನ್ನಾಗಿದೆ ಅಂದ ಬಾಯಲ್ಲ ಅದು. ಬಹಳ ಹೊಗಳಿದ್ರೆ, ‘ಓಡತ್ತೆ ಬಿಡು.’ ಅಷ್ಟು ಕೇಳಿಸ್ಕೊಂಡ ದಿನ ನನ್ನ ಮಗನಿಗೆ ಊಟ ಬೇಡ.

"ಕಾರಿನ ಮುಂದೆ ನಿಲ್ತಿದ್ದವನೂ ಕ್ರೌಸೇ. ವೇಡನ್ನ ಹಿಂದಕ್ಕೆ ಕರೆದು, ಎಂಜಿನ್ನಿಗೆ ಕಿವಿ ಕೊಟ್ಟು, ಸರಿ ಅನ್ನಿಸಿದ್ರೆ ಬದಿಗೆ ಸರಿಯೋನು. ಅನ್ನಿಸದಿದ್ರೆ ಸರೀತಿರಲಿಲ್ಲ, ಕೈಯನ್ನ ಕತ್ತಿನ ಅಡ್ಡ ಎಳೆಯೋನು... ಆಫ್ ಮಾಡು. ಎದುರಾಳಿ ಕಾಯಲಿ, ಜನ ಕೂಗಲಿ, ಅವನಿಗೇನು? ಬಿಚ್ಚಿ ನೋಡಿದ್ರೆ ಒಳಗೆಲ್ಲೋ ಒಂದು ಬೇರಿಂಗ್ ಕಾದು ನೀಲಿ ತಿರುಗಿರೋದು.

"ಒಂದು ಚಳಿಗಾಲ ಕೆಮ್ಮು ಹಿಡಿದು ಸತ್ತ. ವೇಡ್‌ಗೆ ಅಂತ ಒಂದು ಎಂಜಿನ್ ಅರ್ಧ ಕಟ್ಟಿಟ್ಟಿದ್ದ. ಉಳಿದರ್ಧ ವೇಡ್ ಅಳ್ತಾ ಅಳ್ತಾ ಕಟ್ಟಿ ಮುಗಿಸಿದ. ಚಳಿ ಕಳೆದ ಮೇಲೆ ಇದೇ ದಾರಿಗೆ ತಂದ್ವಿ. ಓಟ ಮುಗಿದಾಗ ಕಾರನ್ನ ಹಿಂದಿನಿಂದ ಹಿಡಿದು ನಿಲ್ಲಿಸೋ ಪ್ಯಾರಾಶೂಟ್ ಮಡಚೋಳು ನಾನು, ಮುಂದೆ ನಿಲ್ಲೋರು ನಮ್ಮನೆಯವರು. ಹೊಗೆ ಎದ್ದಿತು, ನಮ್ಮನೆಯವರು ಹಿಂದಕ್ಕೆ ಕರೆದ್ರು, ಬದಿಗೆ ಸರಿದ್ರು... ಕಾರು ಹೊರಡಲೇ ಇಲ್ಲ. ವೇಡ್ ಎಂಜಿನ್ ಆಫ್ ಮಾಡಿ ಕೂತುಬಿಟ್ಟಿದ್ದ.

"ಬಿಚ್ಚಿದ್ವಿ. ಏನೂ ಇಲ್ಲ, ಬೇರಿಂಗ್ ಎಲ್ಲ ಕನ್ನಡಿ. ಮನೆಗೆ ಹೋಗ್ತಾ ನನ್ನ ಕಿವಿಯಲ್ಲಿ ಅಂದ, ‘ಅಮ್ಮಾ, ಅಪ್ಪ ಸರಿದ್ರು. ಮುದುಕ ಸರೀಲಿಲ್ಲ.’ ನಾನೇನು ಮಾಡಲಿ, ನೀವೇ ಹೇಳಿ? ಹಣೆ ಮುಟ್ಟಿ ನೋಡ್ದೆ. ಜ್ವರ ಇರ್ಲಿಲ್ಲ.

"ಮುಂದಿನ ರೇಸಲ್ಲೂ ಹಾಗೇ. ಅದರ ಮುಂದಿನದರಲ್ಲೂ ಹಾಗೇ. ಬಿಚ್ಚಿದ್ರೆ ಏನೂ ಇಲ್ಲ. ‘ವೇಡ್, ಕಾರು ಓಡಿಸ್ತೀಯೋ, ಮೆರವಣಿಗೆಗೆ ಇಡ್ತೀಯೋ’ ಅಂತ ಜನ. ಪುಕ್ಕಲ ಅನ್ನೋಕೆ ಯಾರೋ ಒಂದು ರಬ್ಬರಿನ ಕೋಳಿ ತಂದು ಕಾರಿಗೆ ಕಟ್ಟಿಹೋದ್ರು. ಯೋಚನೆ ಮಾಡಿ. ನಿಂತುಬಿಟ್ರೆ ಏನೂ ಆಗಲ್ಲ. ಏನೂ ಆಗದೆ ಇದ್ದಾಗ, ಆಗ್ತಿತ್ತು ಅಂತ ಯಾರಿಗೆ ತೋರಿಸೋದು? ಬದುಕಿದ್ದಾಗ ಕೆಟ್ಟದ್ದು ಕೇಳಿಸ್ತಿತ್ತು ಕ್ರೌಸನಿಗೆ... ಸತ್ತಮೇಲೆ, ಇನ್ನೂ ಕೆಡದೆ ಇದ್ದದ್ದೂ ಕೇಳಿಸೋಕೆ ಶುರುವಾಯ್ತೋ ಏನೋ.

"‘ಬೇಡ ಮಗಾ, ಈ ಎಂಜಿನ್ ಬಿಟ್ಟುಬಿಡು’ ಅಂದೆ. ‘ಏನಂತ ಹೇಳಿ ಬಿಡ್ಲಿ ಅಮ್ಮಾ, ಸತ್ತವನು ದಾರಿ ಬಿಡ್ತಿಲ್ಲ ಅಂತಲಾ?’ ಅಂದ. ನಮ್ಮನೆಯವರು, ‘ಮಡಿಲಲ್ಲಿ ಕೂರಿಸ್ಕೊಂಡು ಲಾಲಿ ಹಾಡು’ ಅಂದ್ರು. ರೇಸ್ ನಡೆಸೋರ ಕಾಲಿಗೆ ಬಿದ್ದೆ. ‘ಕಾರಲ್ಲಿ ತಪ್ಪೇನಿದೆ ತೋರಿಸಿ ತಾಯೀ’ ಅಂದ್ರು. ಏನು ತೋರಿಸಲಿ... ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಆ ಪ್ಯಾರಾಶೂಟ್ ಒಂದೇ. ಒಂದೊಂದು ಮಡಿಕೆಗೂ ದೇವರನ್ನ ಕರೀತಾ ಮಡಚಿದೆ.

"ಅವತ್ತು ಕಣ್ಣು ಕುಕ್ಕೋ ಬಿಸಿಲು. ವೇಡ್ ಹಿಂದಕ್ಕೆ ಬಂದ. ನಮ್ಮನೆಯವರು ಸರಿದ್ರು. ಕಾರು ಅಲ್ಲೇ ನಿಂತು ನಡುಗ್ತಿತ್ತು... ಆಮೇಲೆ ನನ್ನ ಮಗ ಒಂದು ಕೈ ಎತ್ತಿ, ದೊಡ್ಡೋರನ್ನ ದಾರಿ ಬಿಡಿ ಅಂತ ಕೇಳ್ಕೊಳ್ಳೋ ಹಾಗೆ, ಮೆಲ್ಲಗೆ ಬೀಸಿದ. ಮುಂದೆ ಯಾರೂ ಇರ್ಲಿಲ್ಲ. ಮತ್ತೊಂದು ಸಲ ಬೀಸಿದ. ಹೊರಟ.

"ಪ್ಯಾರಾಶೂಟ್ ಬಿಚ್ಚಿಕೊಳ್ತು ಕಣ್ರೋ, ಚೆನ್ನಾಗೇ ಬಿಚ್ಚಿಕೊಳ್ತು. ಅದು ಅರಳೋ ಹೊತ್ತಿಗೆ, ಎಂಜಿನ್ ಸಿಡಿದು, ಹಿಡಿದೆಳೆಯೋಕೆ ಅಲ್ಲಿ ಕಾರೇ ಇರ್ಲಿಲ್ಲ..."

ಬಾಣಲೆಯಲ್ಲಿ ಮಾಂಸ ಸೀದು ಹೊಗೆಯಾಡುತ್ತಿತ್ತು. ಕೊರಿನ್ ಒಲೆ ಆರಿಸಿದಳು. ಮಳೆ ನಿಂತು ಆಗಲೇ ಒಂದಿಷ್ಟು ಹೊತ್ತಾಗಿತ್ತು. ದಾರಿ ಒಣಗಿಸುವ ಯಂತ್ರದ ಸದ್ದು ದೂರದಲ್ಲಿ ಕೇಳುತ್ತಿತ್ತು. ಟೆಸ್ ಯಾವಾಗ ಎದ್ದು ಕಾರಿನ ಹತ್ತಿರ ಹೋದಳೋ ಅವಳು ಗಮನಿಸಿರಲಿಲ್ಲ.

"ಆ ಎಂಜಿನ್ ಅವತ್ತೇ ಹೋಯ್ತಲ್ಲ ಅಜ್ಜೀ," ಎಂದಳು ಕೊರಿನ್.

"ಮಗ ಹೋದ. ಎಂಜಿನ್ನಿನ ಒಡಲಿದೆಯಲ್ಲ, ಆ ಎರಕದ ಬ್ಲಾಕ್, ಅದು ಒಂದು ಕಡೆ ಬಿರುಕು ಬಿಟ್ಟಿತ್ತು ಅಷ್ಟೆ. ನಮ್ಮ ಜನ ಬ್ಲಾಕ್ ಎಸೆದದ್ದು ಎಲ್ಲಾದ್ರೂ ನೋಡಿದ್ದೀಯಾ? ಬೆಸುಗೆ ಹಾಕ್ತಾರೆ, ಮಾರ್ತಾರೆ, ಕೈಯಿಂದ ಕೈಗೆ ಹೋಗತ್ತೆ..."

ಕೊರಿನ್ ಗಂಡನ ಕಡೆ ನೋಡಿದಳು. ಇಂಡಿಯಾನಾದ ಹಳೇ ಸಾಮಾನಿನ ಸಂತೆಯಿಂದ ಅವನು ಬ್ಲಾಕ್ ತಂದ ದಿನ, ಯಾರೋ ಪಳಗಿದ ಕೈಯ ಕೆಲಸ ಇದು ಎಂದು ಅದರ ಬದಿಯ ಬೆಸುಗೆಯನ್ನು ಸವರಿ ಸವರಿ ತೋರಿಸಿದ್ದ.

"ಬೆಸುಗೆ ಇಲ್ಲದ ಬ್ಲಾಕ್ ಈಗ ಯಾರ ಹತ್ರ ಇದೆ," ಎಂದ ಡ್ವೇನ್, ಅವಳ ಮುಖ ನೋಡದೆ. ಎದ್ದು ಕಾರಿನ ಕಡೆ ಹೋದ.

"ಮುಂದೆ ನಿಲ್ಲೋಳು ನಾನು," ಎಂದಳು ಕೊರಿನ್ ಮೆಲ್ಲಗೆ. "ಆಫ್ ಮಾಡು ಅಂತ ನಾನೇ ಸನ್ನೆ ಮಾಡ್ತೀನಿ."

"ಮಾಡು ತಾಯಿ. ಇವತ್ತು ಮಾಡ್ತೀಯ. ಬಿಚ್ಚಿ ನೋಡಿದ್ರೆ ಒಳಗೆ ಏನೂ ಇರಲ್ಲ. ನಾಳೆ ಏನು ಹೇಳ್ತೀಯ? ನಾಡಿದ್ದು?"

ಅಜ್ಜಿ ಕೊರಿನ್‌ಳ ಮಸಿಗೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು.

"ನಿನ್ನೆ ಅಭ್ಯಾಸದಲ್ಲಿ ನಾನು ಬೇಲಿ ಹತ್ರಾನೇ ಇದ್ದೆ ಕಣೇ. ನೀನು ಬದಿಗೆ ಸರಿದೆ, ನಿನ್ನ ಮಗಳು ಹೊರಡದೆ ಎಂಜಿನ್ ಆಫ್ ಮಾಡಿದಳಲ್ಲ... ಯಾಕೆ ಅಂತ ಕೇಳಿದ್ಯಾ?"

ಕೊರಿನ್ ಕೇಳಿರಲಿಲ್ಲ. ಹೊಸಬಳು, ಹೆದರಿದ್ದಾಳೆ ಅಂದುಕೊಂಡು ತಲೆ ಸವರಿದ್ದಳು. ಕೇಳಲೆಂದು ಓಡುವಷ್ಟರಲ್ಲಿ ಹೊರಗೆ ಎಂಜಿನ್ ಗುಡುಗಿ ಎದ್ದಿತು. ಕಾರಿನ ಮುಂದೆ ನಿಂತು ಅವಳು ಕೂಗಿದಳು. ಹೆಲ್ಮೆಟ್ಟಿನೊಳಗೆ ಮಗಳ ಕಣ್ಣುಗಳು ತೆರೆದೇ ಇದ್ದವು, ಅಮ್ಮನ ಮೇಲಿರಲಿಲ್ಲ, ಅವಳ ಪಕ್ಕದ ಖಾಲಿ ಜಾಗದ ಮೇಲಿದ್ದವು.