ಸರಪಳಿ ಎಳೆದವನು ನಾನು, ಅವಳಲ್ಲ

ತಕ್ಕಡಿ ಮೇಷ್ಟ್ರು ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು ಅರವತ್ತೊಂಬತ್ತು, ವಿಧುರ, ಕಸುಬು ಮೂವತ್ತೆಂಟು ವರ್ಷ ತಕ್ಕಡಿ ರಿಪೇರಿ, ಈಗ ರಿಟೈರ್ಡ್, ವಾಸ ಗೋದಾಮಿನ ಹಿಂದಿನ ಬೀದಿ, ಮೇಲಿನ ಮಹಡಿ, ಯಾರೂ ಕರೆಯದೆ ಠಾಣೆಗೆ ಬಂದು ಬರೆಯಿಸುವುದೇನೆಂದರೆ,

ಈ ದಿನ ಬೆಳಿಗ್ಗೆ 8.10ರ ರೈಲಿನ ಮೂರನೇ ಬೋಗಿಯಲ್ಲಿ ಕುಳಿತಿದ್ದೆನು. ಎದುರಿಗೆ ಒಬ್ಬ ಕಾಲೇಜು ಹುಡುಗಿ ಬಾಯಲ್ಲಿ ಬಾಚಣಿಗೆ ಕಚ್ಚಿಕೊಂಡು, ಫೋನಿನಲ್ಲಿ ಹಾಸ್ಯ ಸಿನಿಮಾ ನೋಡುತ್ತ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಬಿಜಿ ಎಂದರೆ ಬಿಜಿ. ಒಮ್ಮೆಯೂ ನಗದ ಕಾರಣ ವಿಚಾರಿಸಿದೆನು. ಜನ ಎಲ್ಲೆಲ್ಲಿ ನಗುತ್ತಾರೆಂದು ಪ್ರಬಂಧ ಬರೆಯುತ್ತಿರುವುದಾಗಿಯೂ, 11 ಗಂಟೆಗೆ ಒಪ್ಪಿಸದಿದ್ದರೆ ಒಂದು ವರ್ಷ ಹಾಳೆಂದೂ, ಏಳನೇ ಸಲ ನೋಡಿ ತನಗೆ ನಗು ಬತ್ತಿಹೋಗಿದೆಯೆಂದೂ ಹೇಳಿದಳು.

ನೋಟ್‌ಬುಕ್ಕಿನ ಅಂಚಿನಲ್ಲಿ ರೈಲಿನ ದರಗಳೂ ಇದ್ದವು. ಇಡೀ ದಾರಿಗೆ ಒಂದೇ ಟಿಕೆಟ್ ಆದರೆ ಎಂಬತ್ತೈದು, ನಡುವೆ ಇಳಿದು ಎರಡಾಗಿ ಕೊಂಡರೆ ಎಪ್ಪತ್ತು, ಯಾಕಿರಬಹುದು ಎಂದು ತಿಂಗಳಿಂದ ತಲೆ ಕೆರೆದುಕೊಂಡು, ಇವತ್ತು ಪರೀಕ್ಷಿಸಲು ಅರ್ಧ ದಾರಿಗೆ ಮಾತ್ರ ಟಿಕೆಟ್ ಕೊಂಡಿದ್ದಳು. ನನ್ನ ಕಸುಬಿನಲ್ಲಿ ತುಂಡುಗಳೆಲ್ಲ ಸೇರಿ ಇಡಿಗಿಂತ ಕಡಿಮೆ ತೂಗಿದರೆ ತಕ್ಕಡಿಯನ್ನೇ ಬಿಚ್ಚುತ್ತೇವೆ. ಇಂಪಾಸಿಬಲ್ ಎಂದೆನು.

"ರೈಲು ನಿಲ್ಲೋದು ನಾಲ್ಕೇ ನಿಮಿಷ. ಅಷ್ಟರಲ್ಲಿ ಇಳಿದು ಇನ್ನೊಂದು ಟಿಕೆಟ್ ತರೋಕೆ ಆಗುತ್ತಾ ತಾತ?"

ಧಾರಾಳವಾಗಿ ಆಗುತ್ತದೆ ಎಂದವನು ನಾನೇ. 9.02ಕ್ಕೆ ಈ ಸ್ಟೇಷನ್ನಿನಲ್ಲಿ ಇಳಿದಳು. ಸಿನಿಮಾ ನೋಡುತ್ತ ನಾನು ನಕ್ಕಾಗಲೆಲ್ಲ ಒಂದು ಗೀಟು ಹಾಕಬೇಕೆಂದು ಫೋನು, ನೋಟ್‌ಬುಕ್ಕು, ಚೀಲ ನನಗೊಪ್ಪಿಸಿದಳು. ಟಿಕೆಟ್ ಕಿಟಕಿ ಬೋಗಿಯಿಂದ ಅರವತ್ತು ಹೆಜ್ಜೆ.

ಸಿನಿಮಾದಲ್ಲಿ ಏಣಿ ವಾಪಸು ಕೊಡಲು ಬಂದವನನ್ನು ಆಫೀಸಿನವರು ಹೊಸ ಮ್ಯಾನೇಜರ್ ಎಂದುಕೊಳ್ಳುತ್ತಾರೆ. ಅವನು ಏಣಿ ಕೆಳಗಿಡಲೊಲ್ಲ. ಟಾಕೀಸು ನಕ್ಕು ಮುಗಿಸಿದ ಮೇಲೆ ನೀವು ಶುರು ಮಾಡ್ತೀರಿ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳು ಹೋದ ಮೇಲೆ ನಾನು ಸಿನಿಮಾ ನೋಡಿದ್ದಿಲ್ಲ. ನಾಲ್ಕು ನಿಮಿಷದಲ್ಲಿ ಹದಿನಾಲ್ಕು ಗೀಟು ಬಿದ್ದವು. ತಲೆಯೆತ್ತಿದಾಗ 9.06, ರೈಲು ಹೊರಟಿತ್ತು. ಹುಡುಗಿ ಇಪ್ಪತ್ತು ಹೆಜ್ಜೆ ಹಿಂದೆ ಟಿಕೆಟ್ ಹಿಡಿದು ಓಡುತ್ತಿದ್ದಳು. ಸರಪಳಿ ಎಳೆದೆನು. ರೈಲು ನಲವತ್ತು ಅಡಿ ಸರಿದು ನಿಂತಿತು.

ಯಾರು ಎಳೆದದ್ದೆಂದು ಗಾರ್ಡು ಕೇಳಿದರು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಏದುಸಿರು ಬಿಡುತ್ತ ಹತ್ತಿದಳು.

"ನಾನೇ ಸಾರ್. ಈ ತಾತಂಗೆ ಏನೂ ಗೊತ್ತಿಲ್ಲ."

ಅವಳನ್ನು ಇಳಿಸಿಕೊಂಡರು. ನಾನಾಗಿಯೇ ಇಳಿದು ಹಿಂದೆ ಬಂದೆನು. ಹೊರಗೆ ಓಡುತ್ತಿದ್ದವಳು ಒಳಗಿನ ಸರಪಳಿಯನ್ನು ಹೇಗೆ ಎಳೆದಾಳು ಎಂದು ಗಾರ್ಡೂ ಕೇಳಲಿಲ್ಲ, ಠಾಣೆಯಲ್ಲಿ ತಾವೂ ಕೇಳಲಿಲ್ಲ.

(ಇಲ್ಲಿ ಹೇಳಿಕೆದಾರರಿಗೆ ನಗು ತಡೆಯದ ಕಾರಣ ಬರವಣಿಗೆ ಎರಡು ನಿಮಿಷ ನಿಂತಿತು.)

ಇದಕ್ಕೂ ಒಂದು ಗೀಟು ಹಾಕಿದ್ದೇನೆ. ಲೆಕ್ಕಕ್ಕೆ ಸೇರಿಸುವುದು ಬಿಡುವುದು ಅವಳಿಷ್ಟ. ಎರಡು ಟಿಕೆಟ್ಟೂ ಕೂಡಿಸಿ ನೋಡಿದೆನು, ಎಪ್ಪತ್ತೇ. ದಂಡ ನನ್ನದು. ಅವಳನ್ನು 9.55ರ ರೈಲಿಗೆ ಬಿಟ್ಟರೆ 10.50ಕ್ಕೆ ತಲುಪುತ್ತಾಳೆ. ಸಿನಿಮಾ ಇನ್ನೂ ಹನ್ನೆರಡು ನಿಮಿಷ ಉಳಿದಿತ್ತು. ಆ ಏಣಿ ಕೊನೆಗೆ ಯಾರ ಕೈ ಸೇರಿತೆಂದು ಹತ್ತುವ ಮೊದಲು ನನಗೆ ಹೇಳಿ ಹೋಗಲಿ.

ಮೇಲಿನದನ್ನು ಓದಿಸಿ ಕೇಳಿದ್ದೇನೆ. ನಡೆದದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ತೂಕ ಸರಿಯಿದೆ.

ಸ್ಥಳ: ರೈಲ್ವೆ ಪೊಲೀಸ್ ಠಾಣೆ
ದಿನಾಂಕ: 14-3-2023, ಬೆಳಿಗ್ಗೆ 9.47
ಸಹಿ: ತಕ್ಕಡಿ ಮೇಷ್ಟ್ರು