ಸಿಮೆಂಟಿನಲ್ಲಿ ಹೂತ ಮಂಚಗಳು

ಹಲೋ... ಹಾಂ, ಯಾರು ಮಾತಾಡೋದು?... ಯಾರು?... ಸ್ವಲ್ಪ ಜೋರಾಗಿ ಹೇಳಮ್ಮಾ, ಹಿಂದುಗಡೆ ಏನೋ ನೀರು ಬೀಳೋ ಸದ್ದು.

...

ಹೌದು, ಮೈತ್ರಿ ನಾನೇ. ಶ್ರೀನಗರದಲ್ಲಿ ಭಾನುವಾರ ಓದುಬಳಗ ನಡೆಸೋ ಮೈತ್ರಿ. ನೀನ್ಯಾರು?... ಅರ್ಪಿತ. ಎಂ.ಎ. ಓದ್ತಿದ್ದೀಯಾ... ಯೂನಿವರ್ಸಿಟಿ ಲೇಡೀಸ್ ಹಾಸ್ಟೆಲಿಂದ? ಜಯನಗರದ್ದಾ, ಆ ಬೂದು ಕಟ್ಟಡ?... ಇನ್ನೂ ನಿಂತಿದೆಯಾ ಅದು!

...

ಓ, ಎಕ್ಸಿಬಿಷನ್. ಗೊತ್ತು, ಯೂನಿವರ್ಸಿಟಿಗೆ ನೂರು ವರ್ಷ ತುಂಬ್ತಂತೆ. ಏನಂತ ಹೆಸರಿಟ್ಟಿದ್ದಾರೆ?... 'ಎಲ್ಲರನ್ನೂ ಅಪ್ಪಿಕೊಂಡ ನೂರು ವರ್ಷ'. ಆಹಾ. ಅದರಲ್ಲಿ ಎಲ್‌ಜಿಬಿಟಿ ಇತಿಹಾಸ ಅಂತ ಒಂದು ಗೋಡೆ. ಸಂಜೆ ಉದ್ಘಾಟನೆ. ಆ ಗೋಡೆಗೆ ನನ್ನ ಫೋಟೋ ಬೇಕು, ಅಲ್ವಾ?

...

ಕೊಡಲ್ಲ. ಯಾಕೆ ಅಂತ ಕೇಳು. ನಮ್ಮನ್ನ ಹಾಸ್ಟೆಲಿಂದ ಹೊರಗೆ ಹಾಕಿದ್ದು ಯಾರು ಅಂತ ಬರೆದಿದ್ದಾರಾ ಅಲ್ಲಿ?... ಏನಂತ?... 'ಅಂದಿನ ಪರಿಸ್ಥಿತಿಯಲ್ಲಿ'. ನೋಡು! ಹೊರಗೆ ಬಿದ್ದೋರ ಹೆಸರು, ಊರು, ಮುಖ ಎಲ್ಲ ಬೇಕು. ನೂಕಿದ ಕೈಗೆ ಮಾತ್ರ ಹೆಸರಿಲ್ಲ. ಪರಿಸ್ಥಿತಿ ಎದ್ದು ಬಂದು ನನ್ನ ಟ್ರಂಕನ್ನ ಬೀದಿಗೆ ಎಸೀತಾ?

...

ಅದಿರಲಿ. ನಿನ್ನ ರೂಮಿನ ಮಂಚ ಯಾವತ್ತಾದ್ರೂ ಎಳೆದು ನೋಡಿದ್ದೀಯಾ?... ಅಲ್ಲಾಡಲ್ಲ, ಅಲ್ವಾ? ಕಾಲು ಸಿಮೆಂಟಲ್ಲಿ ಹೂತಿವೆ. ಯಾಕೆ ಅಂತ ಕೇಳಿದ್ದೀಯಾ?... ಕಳ್ಳರಾ? ಮಂಚ ಕಳವಾಗ್ತಿತ್ತು ಅಂದ್ರಾ ನಿಮ್ಮ ವಾರ್ಡನ್ನು? ಅಯ್ಯೋ ನನ್ನಮ್ಮಾ! ಕಬ್ಬಿಣದ ಮಂಚ ಹೊತ್ಕೊಂಡು ಕಾಂಪೌಂಡ್ ಹಾರೋ ಕಳ್ಳ! ಪಾಪ, ಎಷ್ಟು ನಿದ್ದೆ ಬಂದಿತ್ತೋ ಅವನಿಗೆ.

...

ಹೇಳ್ತೀನಿ ಕೇಳು. ನಾನೂ ನಾಗರತ್ನಾನೂ ಒಂದೇ ರೂಮು. ಚಳಿಗೆ ಅಂತ ಎರಡು ಮಂಚ ಜೋಡಿಸಿಕೊಂಡ್ವಿ. ಚಳಿಗಾಲ ಹೋಯ್ತು, ಮಂಚ ದೂರ ಆಗ್ಲಿಲ್ಲ... ಹೂಂ, ಪ್ರೀತೀನೇ. ಆವಾಗ ಆ ಮಾತು ನಮ್ಮ ಬಾಯಿಗೂ ಬಂದಿರ್ಲಿಲ್ಲ. ವಾರ್ಡನ್ ಇಬ್ಬರ ಮನೆಯವರನ್ನೂ ಕರೆಸಿದ್ರು. ಅವಳಪ್ಪನಿಗೆ ಕುರ್ಚಿ, ಕಾಫಿ. ನಮ್ಮಮ್ಮ ಯಲ್ಲಮ್ಮನಿಗೆ ಬಾಗಿಲಾಚೆ ನೆಲ. 'ನಿಮ್ಮ ಜನಕ್ಕೆ ಸೀಟು ಕೊಟ್ರೆ ಇನ್ನೇನಾಗತ್ತೆ' ಅಂದ್ರು ವಾರ್ಡನ್. ಅಮ್ಮ ನನ್ನ ಒಂದು ಮಾತೂ ಬೈಲಿಲ್ಲ ಕಣೇ. ಟ್ರಂಕ್ ತಲೆ ಮೇಲಿಟ್ಕೊಂಡು, 'ಉಂಡಿದ್ದೀಯಾ?' ಅಂದ್ಲು.

...

ನಾಗರತ್ನನಾ?... ಆ ತಿಂಗಳೇ ಮದುವೆ ಮಾಡಿದ್ರು. ಹೋದ ವರ್ಷ ಬನಶಂಕರಿ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ಲು. ಮೊಮ್ಮಗಳಿಗೆ ಹೇಳಿದ್ಲು, 'ಆಂಟಿಗೆ ನಮಸ್ತೆ ಮಾಡು ಪುಟ್ಟಾ' ಅಂತ... ಮಾಡ್ತು ಮಗು. ನಾನೂ ಮಾಡ್ದೆ.

...

ನಾವು ಹೋದ್ಮೇಲೆ ಮೇಸ್ತ್ರಿ ಕರೆಸಿ, ಎಲ್ಲ ರೂಮಲ್ಲೂ ಮಂಚಗಳನ್ನ ದೂರ ದೂರ ಇಟ್ಟು ಕಾಲು ಹೂಳಿಸಿದ್ರು. ನಿಮ್ಮ ಗೋಡೆಗೆ ನನ್ನ ಫೋಟೋ ಯಾಕೆ? ಆ ಮಂಚ ಕಿತ್ತು ತಂದಿಡಕ್ಕೆ ಹೇಳು. ಅದೇ ಇತಿಹಾಸ... ಅರ್ಪಿತ?... ಅಳ್ತಿದ್ದೀಯಾ? ಯಾಕಮ್ಮಾ, ಹಳೇ ಕಥೆ ಅದು, ನಾವು ಅತ್ತು ಮುಗಿಸಿದ್ದೀವಿ.

...

ತಾಳು, ಏನಂದೆ?... ಎಕ್ಸಿಬಿಷನ್ ಬರೀ ನೆಪಾನಾ?... ಆ ನೀರು... ನಲ್ಲಿ ನೀನೇ ಬಿಟ್ಟಿದ್ದೀಯಾ? ಹೊರಗೆ ಕೇಳಿಸಬಾರದು ಅಂತಾ? ಬಾತ್‌ರೂಮಲ್ಲಿದ್ದೀಯಾ?... ಬಿಟ್ಟೇ ಇರು. ಹೇಳು.

...

ತೇಜಸ್ವಿನಿ. ನಿನ್ನ ರೂಮ್‌ಮೇಟು... ಹೂಂ... ಮಂಚ ಅಲ್ಲಾಡಲ್ಲ, ಅದಕ್ಕೇ ನಡುವೆ ನೆಲದ ಮೇಲೆ ಹಾಸಿಗೆ ಹಾಕ್ಕೊಂಡ್ರಿ... ಬೆಳಗ್ಗೆ ವಾರ್ಡನ್ ಬಾಗಿಲು ತೆಗೆದು ನೋಡಿದ್ರು... ನಿಮ್ಮಪ್ಪನ್ನ ಕರೆಸ್ತಿದ್ದಾರಾ? ಹೊರಟಾಯ್ತಾ? ಎಲ್ಲಿಂದ?... ಜರಗನಹಳ್ಳಿ! ಮನೆ ಇಷ್ಟು ಹತ್ರ ಇಟ್ಕೊಂಡು ಹಾಸ್ಟೆಲಾ?... ಸರಿ ಸರಿ, ಅರ್ಥ ಆಯ್ತು, ಅವಳಿಗೋಸ್ಕರ. ಕನಕಪುರ ರಸ್ತೆ ಟ್ರಾಫಿಕ್ಕಿಗೆ ಜೀವನದಲ್ಲಿ ಮೊದಲ ಸಲ ಕೈಮುಗೀತೀನಿ.

...

ಏಯ್ ಆಟೋ!... ಅಲ್ಲಮ್ಮಾ, ನಿನಗಲ್ಲ. ಅಣ್ಣಾ, ಜಯನಗರ, ಲೇಡೀಸ್ ಹಾಸ್ಟೆಲ್... ಮೀಟರ್ ಹಾಕು, ಬಿಡು, ನಿನ್ನಿಷ್ಟ, ಹೊರಡು ಗುರು!... ಅರ್ಪಿತ, ಇದ್ದೀಯಾ? ಹೊರಟೆ ನಾನು.

...

ಬಂದು ಏನು ಮಾಡ್ತಾರೆ ನಿಮ್ಮಪ್ಪ?... ಫೋನ್ ಕಿತ್ಕೊಳ್ತಾರೆ. ಆಮೇಲೆ?... ಗಂಡೂ ನೋಡಾಗಿದೆಯಾ! ವಾರ್ಡನ್ ಏನಂತಾರೆ?... 'ನಿಮ್ಮ ಮಗಳನ್ನ ನಿಮಗೆ ಒಪ್ಪಿಸ್ತೀನಿ'. ಸಂಜೆ ಆ ಗೋಡೆ ಮುಂದೆ ದೀಪ ಹಚ್ಚುವಾಗ ಇವರೂ ಸೀರೆ ಉಟ್ಕೊಂಡು ನಿಲ್ತಾರಾ?... ನಿಲ್ತಾರಂತೆ! ಕೇಳು ಮಗಳೇ. ನಿನಗೆಷ್ಟು ವಯಸ್ಸು?... ಇಪ್ಪತ್ಮೂರು. ಒಪ್ಪಿಸೋಕೆ ನೀನು ಸಾಮಾನಲ್ಲ. 'ನಾನು ಬರಲ್ಲ' ಅಂತ ಎಲ್ಲರ ಮುಂದೆ ಹೇಳ್ಬೇಕು. ನಮ್ಮ ಕಾಲದಲ್ಲಿ ಕಾನೂನೂ ನಮ್ಮ ಕಡೆ ಇರ್ಲಿಲ್ಲ. ಈಗ ಕಾನೂನು ಕದಲಿದೆ. ಮಂಚ ಕದಲಿಲ್ಲ, ಅಷ್ಟೇ.

...

ತೇಜಸ್ವಿನಿ ಎಲ್ಲಿ?... ಆಫೀಸ್ ರೂಮಲ್ಲಾ? ಒಬ್ಬಳನ್ನೇ ಕೂರಿಸಿದ್ದಾರಾ?... ಹೋಗಿ ಅವಳ ಪಕ್ಕ ಕೂತ್ಕೊ. ಎಬ್ಬಿಸಿದ್ರೆ ಏಳ್ಬೇಡ. ಕೈ ಹಿಡ್ಕೊಂಡೇ ಇರು... ಹೆದರಿಕೆ ಆಗತ್ತೆ, ಗೊತ್ತು. ನನಗೂ ಈಗ ಆಗ್ತಿದೆ.

...

ಹಲೋ?... ನಲ್ಲಿ ಯಾಕೆ ನಿಲ್ಲಿಸ್ದೆ?... ಯಾರು ಬಾಗಿಲು ಬಡೀತಿರೋದು? ಅರ್ಪಿತ!... ಅಣ್ಣಾ, ಸಿಗ್ನಲ್ ಬಿಡ್ತು, ಹೋಗು ಹೋಗು... ಅರ್ಪಿತ?

...

ಹಾಂ... ನೀವು ವಾರ್ಡನ್ನಾ? ನಮಸ್ಕಾರ ಮೇಡಂ... ಇಲ್ಲ, ಅವಳ ತಾಯಿ ಅಲ್ಲ... ದೊಡ್ಡಮ್ಮಾನೂ ಅಲ್ಲ... ಏನು ಸಂಬಂಧಾನಾ? ಹೇಳ್ತೀನಿ. ನಿಮ್ಮ ಹಾಸ್ಟೆಲಲ್ಲಿ ಮಂಚದ ಕಾಲು ಯಾಕೆ ಹೂತಿದ್ದಾರೆ ಮೇಡಂ?... ಕಳ್ಳರ ಕಾಟಕ್ಕೆ. ಸರಿಯಾಗಿ ಹೇಳಿದ್ರಿ.

...

ಆ ಕಳ್ಳಿ ನಾನೇ ಮೇಡಂ. ಆಟೋದಲ್ಲಿ ಬರ್ತಾ ಇದ್ದೀನಿ. ನಾನು ಬರೋವರೆಗೂ ಆ ಇಬ್ಬರು ಹುಡುಗೀರನ್ನ ಒಂದೇ ಬೆಂಚಿನ ಮೇಲೆ... ಹಲೋ?... ಮೇಡಂ?... ಹಲೋ?...