ಬೀಡಿ ಸೇದಾಕೆ ಹರಿಹರದ ಬಸ್ಸು ಹತ್ತಿದ್ದು

ಸ್ವಾಮೇರ ಜೋಳಿಗೆಗೆ ಬೀಡಿ ಹಾಕಿದ್ದು ನಾನಲ್ಲೇ ಪುಟ್ಟಿ, ನಿಮ್ಮಜ್ಜಿ. ಮಂದಿ ಎಲ್ಲ ನಾನೇ ಹಾಕಿದೆ ಅಂತಾರೆ, ಅಂದ್ಕಳ್ಳಿ ಬಿಡು. ಮೀಸೆ ಚಿಗುರಿದಾಗಿಂದ ಬೀಡಿ ಸೇದಿದೋನು ನಾನು. ನಿಟ್ಟುವಳ್ಳಿಯಾಗೆ ನಮ್ಮ ಟೈಲರ್ ಅಂಗಡಿ ಐತಲ್ಲ, ಅಲ್ಲಿ ಹೊಲಿಸಿದ ಬ್ಲೌಸ್ ಬೀಡಿ ವಾಸ್ನೆ ಹೊಡೀತೈತೆ ಅಂತ ಹೆಣ್ಮಕ್ಳು ವಾಪಸ್ ತಂದು ಬೈತಿದ್ರು. ಹೋದ ವರ್ಷ, ಅಲ್ಲ ತಡಿ, ಅದರ ಹಿಂದಿನ ವರ್ಷ, ಎಡಗಾಲಿನ ಹೆಬ್ಬೆರಳು ಕಪ್ಪಾತು. ಕಲ್ಲು ಎಡವಿರ್ಬೇಕು ಅಂದ್ಕಂಡೆ. ಡಾಕ್ಟ್ರು ನೋಡಿ, ಬೀಡಿಯಿಂದ ರಕ್ತನಾಳ ಮುಚ್ಕಂತಾ ಐತೆ ಅಜ್ಜಾರೆ, ಹಿಂಗೇ ಸೇದಿದ್ರೆ ಮೊದ್ಲು ಬೆರಳು ತೆಗೀಬೇಕು, ಆಮ್ಯಾಲೆ ಕಾಲು ಅಂದ್ರು. ಕಾಲಿಲ್ದೋನು ಮಿಷನ್ ಹೆಂಗೆ ತುಳೀತಾನೆ ಹೇಳು? ಹೆದರಿದೆ. ಆಸ್ಪತ್ರೆಯಿಂದ ಹೊರಗೆ ಬಂದೋನೇ ಆ ಹೆದರಿಕೆಗೇ ಒಂದು ಹಚ್ಚಿದೆ. ಹಂಗಿರ್ತೈತೆ ನೋಡು ಚಟ.

ಹಾಂ, ಜೋಳಿಗೆ. ನಮ್ಮ ಓಣಿಗೆ ಸ್ವಾಮೇರು ಬಂದಿದ್ರು. ಅಕ್ಕಿ ಬ್ಯಾಳೆ ಬ್ಯಾಡ, ನಿಮ್ಮ ಚಟ ಹಾಕ್ರಿ ಅಂತ ಮನೆ ಮನೆ ಮುಂದೆ ಜೋಳಿಗೆ ಹಿಡಿದು ನಿಲ್ತಾರಲ್ಲ, ಹಂಗೆ. ನಾನು ಕೈ ಮುಗಿದು ಸುಮ್ನೆ ನಿಂತಿದ್ದೆ. ನಿಮ್ಮಜ್ಜಿ ಹಿಂದ್ಲಿಂದ ಬಂದು ನನ್ನ ಜೇಬಿಗೆ ಕೈ ಹಾಕಿ, ಬೀಡಿ ಕಟ್ಟು, ಬೆಂಕಿಪೆಟ್ಟಿಗೆ ಎರಡೂ ಅದರಾಗೆ ಹಾಕೇಬಿಟ್ಲು. ಓಣಿ ಮಂದಿ ಚಪ್ಪಾಳೆ ಹೊಡೆದ್ರು. ಪಕ್ಕದ ಮನೆ ಹಾಲಪ್ಪ, ನನ್ನ ವಾರಗೆಯೋನು, ಅವನೂ ತನ್ನದು ಹಾಕಿದ. ಒಳಗೆ ಬಂದು ನಾನು ಜಗಳ ತೆಗೆದೆ. ಹಾಕಿದೋಳು ನೀನು, ಬಿಡೋನು ನಾನ್ಯಾಕೆ ಅಂದೆ. ಅವಳು ನನ್ನ ಕಾಲು ನೋಡಿದ್ಲು ಅಷ್ಟೆ.

ಆಮ್ಯಾಲಿಂದು ಕೇಳ್ಬ್ಯಾಡ. ಕುಂತ್ರೆ ಕೂಡಾಕಾಗಲ್ಲ, ನಿಂತ್ರೆ ನಿಲ್ಲಾಕಾಗಲ್ಲ. ಬಟ್ಟೆ ಇಲ್ದೆ ಮಿಷನ್ ತುಳಿಯೋದು, ಒರೆಸಿದ ಫ್ಯಾನೇ ಮತ್ತೆ ಒರೆಸೋದು, ಬಂದ ಗಿರಾಕಿಗೆ ರೇಗೋದು. ಯಾರದೋ ಪ್ಯಾಂಟಿನ ಎರಡೂ ಕಾಲು ಕೂಡಿಸಿ ಹೊಲಿದುಬಿಟ್ಟೆ. ಬೀಡಿ ತಗಳ್ಳಾಕೆ ಹೋದ್ರೆ ಮೂಲೆ ಅಂಗಡಿಯಮ್ಮ, "ಸ್ವಾಮೇರಿಗೆ ಕೊಟ್ಟಿದ್ದು ನಿಮಗೆ ವಾಪಸ್ ಕೊಟ್ಟು ನಾನು ಪಾಪ ಕಟ್ಕಳ್ಳಲ್ಲ, ನಡೀರಿ" ಅಂದ್ಲು. ವಿದ್ಯಾನಗರಕ್ಕೆ ಹೋದ್ರೆ ಅಲ್ಲೂ ಒಬ್ರು ಗಿರಾಕಿ ಮೇಷ್ಟ್ರು ಸಿಕ್ಕಿ, ಬಿಟ್ರಂತೆ, ಭೇಷ್ ಅಂತ ಬೆನ್ನು ತಟ್ಟಿದ್ರು. ಕೊನೆಗೆ ಗುಂಡಿ ದಾರ ತರ್ತೀನಿ ಅಂತ ಹರಿಹರದ ಬಸ್ಸು ಹತ್ತಿದೆ. ದಾವಣಗೆರೆ ಬಿಟ್ಟು ಗುಂಡಿ ದಾರಕ್ಕೆ ಹರಿಹರಕ್ಕೆ ಯಾರು ಹೋಗ್ತಾರೆ ಹೇಳು? ನಿಮ್ಮಜ್ಜಿ ನಂಬಿದಂಗೆ ಮಾಡಿದ್ಲು.

ಇಳಿದೋನೇ ಒಂದು ಕಟ್ಟು ತಗಂಡು ಹೊಳೆ ಕಡೆ ನಡೆದೆ. ಬೆಂಕಿಪೆಟ್ಟಿಗೆ ಮರ್ತಿದ್ದೆ, ಅಷ್ಟು ಅವಸರ. ಮೆಟ್ಟಿಲ ಮ್ಯಾಲೆ ಯಾರೋ ಬೆನ್ನು ಮಾಡಿ ಕುಂತಿದ್ರು. ಯಣ್ಣಾ, ಬೆಂಕಿ ಐತಾ ಅಂದೆ. ತಿರುಗಿದ್ರೆ ಹಾಲಪ್ಪ. ಸೇದ್ತಿದ್ದ ಬೀಡಿನ ಮರೆ ಮಾಡಾಕೆ ಹೋಗಿ ಪಂಚೆ ಸುಟ್ಕಂಡ. ಮೊಮ್ಮಕ್ಕಳು ಕಂಡ ಮುದುಕ್ರು ನಾವು, ಶಾಲೆ ಹಿಂದೆ ಸಿಕ್ಕಿಬಿದ್ದ ಹುಡುಗ್ರಂಗೆ ನಿಂತ್ವಿ. ನಾನು ನಕ್ಕೆ. ಅವ ನಗ್ಲಿಲ್ಲ, ಅವನ ಕಣ್ಣಾಗೆ ನೀರು ಬಂದಿತ್ತು.

"ನೀನೂ ಸೇದ್ತೀಯೇನಲೇ?" ಅಂದ. "ನಿನ್ನ ನೋಡ್ಕಂಡೇ ತಡ್ಕಂಡಿದ್ನಲ್ಲೋ ನಾನು. ದಿನಾ ನಿನ್ನ ಅಂಗಡಿ ಮುಂದೆ ಹಾಯ್ದು ಬರ್ತಿದ್ದೆ. ಇವ್ನೇ ಬಿಟ್ಟಾನೆ, ನಂಗೇನು ಧಾಡಿ ಅಂತ ಅಂದ್ಕಂಡು ವಾಪಸ್ ಹೋಗ್ತಿದ್ದೆ. ಇವತ್ತೊಂದಿನ ಸೋತು ಬಂದೆ."

ಅಂಗಡಿಯಮ್ಮ ಕೊಡ್ಲಿಲ್ಲ ಅಂತ ಬಿಟ್ಟೋನು ನಾನು. ಕಾಲು ಹೋಗ್ತೈತೆ ಅಂದಾಗ ಆಗ್ದಿದ್ದ ನಾಚಿಕೆ ಆ ಮಾತಿಗೆ ಆತು ನೋಡು. ಅಳು ಬಂತು, ನಗ್ಬ್ಯಾಡ. ಕಟ್ಟು ಹೊಳೆಗೆ ಎಸೆದೆ, ಅವಂದೂ ಕಿತ್ಕಂಡು ಎಸೆದೆ. ಬಸ್ಸಿನಾಗೆ ಒಂದೇ ಸೀಟಿನಾಗೆ ಕುಂತು ಬಂದ್ವಿ. ಅವತ್ತಿಂದ ಬಾಯಿ ಚಡಪಡಿಸಿದಾಗ ನಾನು ಅವನ ಮನೆಗೆ ಹೋಗ್ತೀನಿ, ಅವ ನಮ್ಮನೆಗೆ ಬರ್ತಾನೆ. ಕಾಲು ಉಳೀತು. ಚಡಪಡಿಕೆ ಇವತ್ತಿಗೂ ಐತೆ, ಅದು ಹೋಗೈತೆ ಅಂದ್ರೆ ಸುಳ್ಳಾಗ್ತೈತೆ.

ಗಟ್ಟಿ ಮನಸ್ಸು ಬೇಕು ಅಂತಾರಲ್ಲ, ನಂದೂ ಗಟ್ಟಿ ಇರ್ಲಿಲ್ಲ, ಅವಂದೂ ಇರ್ಲಿಲ್ಲ. ನಿನ್ನ ನೋಡಿ ಇನ್ಯಾರೋ ತಡ್ಕಂಡಿರ್ತಾರೆ, ಅಷ್ಟು ನೆನಪಿಟ್ಕೋ ಮಗಾ. ಹೂಂ, ಬಂದ ನೋಡು ಹಾಲಪ್ಪ. ಏಳು, ಚಾಪೆ ಹಾಕು.